ಮಾಸ್ತರರ ಕಾರ್ಡು

ಪತ್ರಿಕೆಯ ಪದಸ್ಪರ್ಧೆಯಲ್ಲಿ ಕೊಟ್ಟ ಏಳು ಅಕ್ಷರಗಳೂ ಬರುವ ಅತಿ ಉದ್ದದ ಇಂಗ್ಲಿಷ್ ಪದ ಹುಡುಕಿ ಕಾರ್ಡಿನಲ್ಲಿ ಬರೆದು ಕಳಿಸಬೇಕು. ಪತ್ರಿಕೆ ಪ್ರತಿ ವಾರ ಗೆದ್ದವರ ಹೆಸರನ್ನಷ್ಟೇ ಅಚ್ಚು ಹಾಕುತ್ತಿತ್ತು, ಪದವನ್ನಲ್ಲ. ಇಂಗ್ಲಿಷ್ ಮಾಸ್ತರರ ಹೆಸರು ಸತತ ಐದು ವಾರ ಬಂತು. ಆಮೇಲೆ ಸ್ಟಾಫ್ ರೂಮಿನ ಉಳಿದವರೆಲ್ಲ ಅವರಿಗೆ ದನ ಕಾಯುವವರಂತೆ ಕಾಣತೊಡಗಿದರು.

ಕಾರ್ಡನ್ನು ಅಂಚೆ ಡಬ್ಬಿಗೆ ಹಾಕುವ ಕೆಲಸ ಕಸ ಗುಡಿಸುವ ನೀಲವ್ವನದು.

"ಏನ ನೋಡ್ತೀ ಅದನ್ನ? ನಿನಗ ತಿಳಿಯೂದಲ್ಲ. ಸುಮ್ನ ಡಬ್ಬಿಗೆ ಹಾಕು," ಎನ್ನುತ್ತಿದ್ದರು ಪ್ರತಿ ಸಲ.

ಆರನೆಯ ವಾರ ಹೆಸರು ಬರಲಿಲ್ಲ. ಎಲ್ಲರೆದುರು ಅವಳನ್ನು ಕರೆಸಿದರು.

"ಕಾರ್ಡ್ ಎಲ್ಲಿ ಒಗದಿ? ಅಷ್ಟು ಮಾಡೂ ಯೋಗ್ಯತಾನೂ ಇಲ್ಲೇನ ನಿನಗ?"

"ಡಬ್ಬಿಗೇ ಹಾಕೀನ್ರಿ ಸರ," ಎಂದಳು ನೀಲವ್ವ, ಕಸಬರಿಗೆ ಬದಿಗಿಟ್ಟು. "ಚಸ್ಮಾ ಒಡದಿತ್ರಿ. ಈ ಸಲ ತಿದ್ದೂದು ಆಗ್ಲಿಲ್ಲ."