ಇಷ್ಟೆತ್ತರ

ಈ ಸಲವೂ ಅರವಿಂದ್ ಪಿಸ್ತೂಲ್ ತರಲಿಲ್ಲ.

ಅಕ್ರಂ ಗಾಜಿನ ಕೌಂಟರಿನ ಹಿಂದಿನಿಂದ ಅವನ ಕೈಗಳನ್ನೇ ನೋಡಿದ. ಖಾಲಿ. ಸಮರ್‌ಸೆಟ್‌ನಲ್ಲಿ ಬಂದೂಕಿನಂಗಡಿ ನಡೆಸಿಯೇ ತಲೆ ನರೆತವನು ಅಕ್ರಂ. ಎಂಥೆಂಥ ಗಿರಾಕಿಗಳನ್ನೋ ಕಂಡಿದ್ದ. ಪಿಸ್ತೂಲನ್ನು ಬಿಟ್ಟು ಬಂದು ಅದರ ಅಪ್‌ಗ್ರೇಡ್ ಮಾತಾಡುವ ಆಸಾಮಿ ಮಾತ್ರ ಇವನೊಬ್ಬನೇ. ಲೈಸೆನ್ಸ್ ಇಲ್ಲದ ಮಾಲೇನಾದರೂ ಇಟ್ಟುಕೊಂಡಿದ್ದಾನೋ? ಈ ಪರದೇಶದಲ್ಲಿ ಕನ್ನಡ ಮಾತಾಡುವ ಗಿರಾಕಿ ಎಂಬ ಮೋಹಕ್ಕೆ ಬಿದ್ದು ಅಕ್ರಂ ಆ ಅನುಮಾನವನ್ನು ಇಷ್ಟು ದಿನ ನುಂಗಿಕೊಂಡಿದ್ದ.

ಅವನು ಮೊದಲು ಬಂದದ್ದು ಹೋದ ವರ್ಷದ ಜನವರಿಯಲ್ಲಿ. ಹೊರಗೆ ಮೊಣಕಾಲುದ್ದ ಸ್ನೋ.

"ಸೊಂಟದಲ್ಲಿಟ್ಕೊಂಡು ಓಡಾಡೋ ಪಿಸ್ತೂಲು. ಸ್ವಲ್ಪ ಅಪ್‌ಗ್ರೇಡ್ ಮಾಡಿಸಬೇಕು. ಬಜೆಟ್ ಕಮ್ಮಿ. ಒಂದೊಂದಾಗಿ ಮಾಡೋಣ," ಅಂದಿದ್ದ.

"ಐಟಿಯವರೇ ಬಜೆಟ್ ಕಮ್ಮಿ ಅಂದ್ರೆ ಹೇಗೆ ಸಾರ್?"

"ಇರೋದೆಲ್ಲ ಲಾಯರ್‌ಗೆ ಹೋಗ್ತಿದೆ."

"ಅಪ್ಪ ಅಮ್ಮಂದು ಗ್ರೀನ್ ಕಾರ್ಡಾ?"

ಅರವಿಂದ್ ಗಾಜಿನೊಳಗಿನ ಬಿಡಿಭಾಗಗಳತ್ತ ಬಗ್ಗಿದ. ಅಕ್ರಂ ಹೌದೆಂದುಕೊಂಡ. ನಮ್ಮ ಜನ ಲಾಯರ್ ಅಂದರೆ ಇಮಿಗ್ರೇಷನ್ ಲಾಯರೇ ತಾನೇ, ಇನ್ಯಾರಿರುತ್ತಾರೆ.

ಊರಿಗೆಲ್ಲ ಒಂದು ದಾರಿಯಾದರೆ ಇವನದೇ ಒಂದು ದಾರಿ. ಎಲ್ಲರಿಗೂ ಟ್ರಿಗರ್ ಹಗುರಾಗಬೇಕು, ಇವನಿಗೆ ಬಿಗಿಯಾಗಬೇಕು. ಗುರಿ ಹಿಡಿಯಲು ಕತ್ತಲಲ್ಲಿ ಹೊಳೆಯುವ ಸೈಟು ಬೇಡ, ಬಣ್ಣ ಬೇಡ, ಅಂದ ಚೆಂದ ಒಂದೂ ಬೇಡ. ಸೇಫ್ಟಿ ಲಾಕ್ ಬೇಕು, ಅದೂ ಸುಲಭಕ್ಕೆ ಜಗ್ಗದಂಥದ್ದು. ಗುಂಡು ತುಂಬುವ ಮ್ಯಾಗಜಿನ್ ತೆಗೆದ ಮೇಲೂ ಪಿಸ್ತೂಲಿನೊಳಗೆ ಒಂದು ಗುಂಡು ಉಳಿದಿದ್ದರೆ ಹೊರಗಿನಿಂದಲೇ ಕಾಣಬೇಕು.

"ಮನೇಲಿ ಮಗು ಇದ್ಯಾ?" ಎಂದು ಕೇಳಿದ್ದ ಅಕ್ರಂ.

"ಮಗಳು. ಆನ್ಯಾ." ಅರವಿಂದ್ ಅಂಗೈಯನ್ನು ಕೌಂಟರಿನ ಎರಡನೆಯ ಶೆಲ್ಫಿನ ಮಟ್ಟಕ್ಕೆ ಹಿಡಿದಿದ್ದ. "ಇಷ್ಟೆತ್ತರ. ಕಣ್ಣಿಗೆ ಕಂಡಿದ್ದೆಲ್ಲ ಕೈಗೆ ಬೇಕು ಅವಳಿಗೆ."

ಅಂದಿನಿಂದ ಅಕ್ರಂಗೆ ಈ ಮನುಷ್ಯ ಹಿಡಿಸಿಬಿಟ್ಟ. ಅನುಮಾನ ಒಂದು ಕಡೆ, ಅಕ್ಕರೆ ಒಂದು ಕಡೆ. ದುಡ್ಡು ಕೂಡಿದಾಗ ಅರವಿಂದ್ ಬರುತ್ತಿದ್ದ, ಒಂದು ಬಿಡಿಭಾಗ ಕೊಳ್ಳುತ್ತಿದ್ದ, ಎಲ್ಲಾ ಸೇರಲಿ ಒಟ್ಟಿಗೆ ಹಾಕಿಸೋಣ ಎಂದು ಅಂಗಡಿಯಲ್ಲೇ ಬಿಟ್ಟು ಹೋಗುತ್ತಿದ್ದ. ಅವನದೇ ಒಂದು ಡ್ರಾಯರ್ ಆಗಿಹೋಗಿತ್ತು.

ಇವತ್ತು ಕೊಳ್ಳುತ್ತಿದ್ದುದು ಕೊನೆಯದು: ಒಳಗೆ ಗುಂಡಿದ್ದರೆ ಮೇಲೆದ್ದು ನಿಲ್ಲುವ ಪುಟ್ಟ ಕೆಂಪು ತುಂಡು. ಅರವಿಂದ್ ಅದನ್ನು ಬೆರಳ ನಡುವೆ ತಿರುಗಿಸುತ್ತಲೇ ಇದ್ದ.

"ಇದಿದ್ರೆ ಗೊತ್ತಾಗೇ ಆಗತ್ತೆ, ಅಲ್ವಾ?"

"ಕಣ್ಣೇ ಬೇಡ ಸಾರ್, ಬೆರಳಿಟ್ರೆ ಸಾಕು. ಬೇರೆ ಗಿರಾಕಿಗಳು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಬರ್ತಾರೆ. ನೀವು ಮೊದಲೇ ಬಂದಿದೀರ."

ಅರವಿಂದ್ ಕೌಂಟರಿನ ಅಂಚನ್ನು ಹಿಡಿದುಕೊಂಡ. ಅವನ ಕಣ್ಣು ತುಂಬಿದ್ದು ಕಂಡು ಅಕ್ರಂಗೆ ಮುಜುಗರವಾಯಿತು. ಹೊಗಳಿದರೆ ಇಷ್ಟು ಕರಗುವವನೂ ಇರುತ್ತಾನಾ? ಮಾತು ಬದಲಿಸಿದ.

"ಆನ್ಯಾ ಎಷ್ಟೆತ್ತರ ಆದ್ಲು?"

ಅರವಿಂದ್ ಅಂಗೈ ಹಿಡಿದ. ಎರಡನೆಯ ಶೆಲ್ಫು.

"ಇನ್ನೂ ಅಷ್ಟೇನಾ? ಪಿಜ್ಜಾ ಬಿಡಿಸಿ, ಮುದ್ದೆ ತಿನ್ನಿಸಿ ಸಾರ್."

ಅರವಿಂದ್ ನಗಲು ನೋಡಿದ. ಆಗಲಿಲ್ಲ.

"ನಾಳೆ ಆಯುಧಪೂಜೆ ಅಲ್ವಾ," ಅಕ್ರಂ ಬಿಡಲಿಲ್ಲ. "ಮೈಸೂರಲ್ಲಿ ನಮ್ಮಪ್ಪನ ಗ್ಯಾರೇಜಲ್ಲೂ ಸ್ಪ್ಯಾನರಿಗೆಲ್ಲ ಕುಂಕುಮ ಇಡೋರು. ನಿಮ್ಮನೇಲಿ ಪಿಸ್ತೂಲಿಗೂ ಪೂಜೇನಾ?"

"ದೇವರ ಮುಂದೆ, ಮಣೆ ಮೇಲೆ. ಮ್ಯಾಗಜಿನ್ ತೆಗೆದೇ ಇಡೋದು." ಅವನ ದನಿ ಸಣ್ಣದಾಯಿತು. "ಪೂಜೆಗಿಟ್ಟಿದ್ದನ್ನ ಮಾರನೇ ದಿನದ ತನಕ ಕದಲಿಸಬಾರದು ಅಂತ ನಮ್ಮಲ್ಲಿ. ಎತ್ತಿ ಬೀಗ ಹಾಕೋ ಹಾಗಿಲ್ಲ."

ದುಡ್ಡು ಕೊಟ್ಟು, ಕೆಂಪು ತುಂಡನ್ನು ಅಲ್ಲೇ ಬಿಟ್ಟು ಹೊರಟುಹೋದ.

ಆ ರಾತ್ರಿ ತಟ್ಟೆಯ ಮುಂದೆ ಕೂತ ಅಕ್ರಂ ಮನಸ್ಸಲ್ಲೇ ಅಳೆಯತೊಡಗಿದ. ಮಣೆ ಎಷ್ಟೆತ್ತರವಿರುತ್ತದೆ? ಗೇಣು. ಮಗು ಇಷ್ಟೆತ್ತರ. ಈ ಪುಣ್ಯಾತ್ಮ ಬೇಕಾದ್ದನ್ನೆಲ್ಲ ಕೊಂಡು ತನ್ನ ಡ್ರಾಯರಿನಲ್ಲಿ ಇಟ್ಟಿದ್ದಾನೆ, ಪಿಸ್ತೂಲು ನಾಳೆ ಹಾಗೇ ದೇವರ ಮುಂದೆ ಕೂರುತ್ತದೆ. ಫೋನ್ ಮಾಡಿದ. ಎತ್ತಲಿಲ್ಲ. ಅಕ್ರಂಗೆ ನಿಜಕ್ಕೂ ಭಯವಾಯಿತು.

ಬೆಳಿಗ್ಗೆ ಅಂಗಡಿ ತೆರೆಯಲೇ ಇಲ್ಲ. ಡ್ರಾಯರಿನಲ್ಲಿದ್ದುದನ್ನೆಲ್ಲ ಚೀಲಕ್ಕೆ ಸುರಿದುಕೊಂಡು, ತನ್ನ ಕಡೆಯಿಂದ ಒಂದು ಬೀಗದ ಪೆಟ್ಟಿಗೆಯನ್ನೂ ಸೇರಿಸಿ, ಅರವಿಂದ್ ಹಿಂದೆ ಬರೆಸಿದ್ದ ವಿಳಾಸ ಹಿಡಿದು ಪಕ್ಕದೂರು ಮಾನ್ಮತ್ ಜಂಕ್ಷನ್‌ಗೆ ಡ್ರೈವ್ ಮಾಡಿದ. ಆ ಬೀದಿಯ ಡ್ರೈವ್‌ವೇಗಳಲ್ಲಿ ಕಾರುಗಳು ಮಿರಮಿರ ಮಿಂಚುತ್ತಿದ್ದವು. ಬಾನೆಟ್ ಮೇಲೆ ಸೇವಂತಿಗೆ, ಚಕ್ರದ ಕೆಳಗೆ ನಿಂಬೆಹಣ್ಣು. ಅರವಿಂದನ ಕಾರು ಮಾತ್ರ ಧೂಳು ಹೊದ್ದು ನಿಂತಿತ್ತು. ಬಾಗಿಲಿಗೆ ತೋರಣವಿಲ್ಲ. ಸದ್ಯ, ಪೂಜೆ ಇನ್ನೂ ಶುರುವಾಗಿಲ್ಲ ಎಂದುಕೊಂಡು ಬೆಲ್ ಒತ್ತಿದ.

ಬಾಗಿಲು ತೆರೆದವಳು ಅರವಿಂದನ ಹೆಂಡತಿ ವಿಜಿ. ಅಕ್ರಂ ಉಸಿರು ಬಿಡದೆ ಹೇಳಿದ:

"ನಾನು ಬಂದೂಕಿನಂಗಡಿ ಅಕ್ರಂ ಅಂತ. ಅದನ್ನ ಇವತ್ತು ಮಣೆ ಮೇಲೆ ಇಡಬೇಡಿ ತಾಯಿ. ಇಡಲೇಬೇಕು ಅಂದ್ರೆ ನನ್ನ ಕೈಗೆ ಕೊಡಿ, ಇಲ್ಲೇ ಕೂತು ಎಲ್ಲಾ ಹಾಕಿಕೊಡ್ತೀನಿ, ಕೂಲಿ ಬೇಡ. ಇಷ್ಟೆತ್ತರದ ಮಗು ಓಡಾಡೋ ಮನೆ."

ವಿಜಿ ಗಾಳಿಯಲ್ಲಿ ನಿಂತ ಅವನ ಅಂಗೈಯನ್ನು ನೋಡಿದಳು. ಎತ್ತರ ಸರಿಯಾಗಿಯೇ ಇತ್ತು. ಅದನ್ನು ತನ್ನ ಎರಡೂ ಕೈಗಳಿಂದ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ಪಿಸ್ತೂಲ್ ಕೋರ್ಟಿನವರ ಹತ್ರ ಇದೆ ಅಂಕಲ್," ಅಂದಳು. "ಆನ್ಯಾ ಹೋಗಿ ಈ ಆಯುಧಪೂಜೆಗೆ ಎರಡು ವರ್ಷ."