ವೆಲ್ಡಿಂಗ್ ಬೇಡದ ಜಾಗ

ಪರೀಕ್ಷೆಯ ಯಂತ್ರ ತಳ್ಳುವುದನ್ನು ನಿಲ್ಲಿಸಿತು. ಮಾದರಿಗೆಂದು ಕಟ್ಟಿದ್ದ ಉಕ್ಕಿನ ಗೋಡೆ ಮಾತ್ರ ಓರೆಯಾದದ್ದು ಓರೆಯಾಗಿಯೇ ನಿಂತಿತು.

ಹಾಗೆ ನಿಲ್ಲಬಾರದಿತ್ತು. ಭೂಕಂಪದಲ್ಲಿ ವಾಲಿ, ಮುಗಿದ ಮೇಲೆ ತಾನೇ ನೆಟ್ಟಗಾಗಬೇಕಾದ ಗೋಡೆ ಅದು. ನಡುವಿನ ತೆಳು ತಗಡು ನಜ್ಜುಗುಜ್ಜಾದರೆ ಆಗಲಿ, ಬದಲಾಯಿಸಬಹುದು. ಬಿಗಿದಿಟ್ಟ ಉಕ್ಕಿನ ಹಗ್ಗಗಳು ಕಂಬಗಳನ್ನು ಎಳೆದು ಮೊದಲಿನ ಜಾಗಕ್ಕೆ ತರಬೇಕು. ವಿನ್ಯಾಸ ಮಾಡಿದ ಎಂಜಿನಿಯರಮ್ಮ ಇದಕ್ಕಾಗಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಳು. ಈಗ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣವಿಲ್ಲದೆ ಏಣಿ ಹತ್ತಿ ನೋಡಿದಳು. ತೊಲೆ ಕಂಬಕ್ಕೆ ಸುಮ್ಮನೆ ತಾಗಿಕೊಂಡಿರಬೇಕಾದ ಕಡೆಯೆಲ್ಲ ಅಚ್ಚುಕಟ್ಟಾಗಿ ವೆಲ್ಡಿಂಗ್ ಆಗಿತ್ತು.

ಕೆಳಗೆ ನಿಂತಿದ್ದ ವೆಲ್ಡರ್, ಎಲ್ಲರ ಬಾಯಲ್ಲೂ ಕಿಡಿಯಣ್ಣ, ಏನನ್ನೂ ಮುಚ್ಚಿಡಲಿಲ್ಲ. ಯಾರೋ ಮರೆತು ಬಿಟ್ಟಿದ್ದಾರೆ, ಮೇಡಂಗೆ ಕೆಟ್ಟ ಹೆಸರು ಬರಬಾರದು ಎಂದು ನಿನ್ನೆ ರಜೆಯಿದ್ದರೂ ಬಂದು ತಾನೇ ಹಾಕಿದ್ದನಂತೆ. ವಾಲುವಾಗ ಆ ಸಂದು ಬಾಯಿ ಬಿಟ್ಟು ಮತ್ತೆ ಮುಚ್ಚಿಕೊಂಡರೇನೇ ಗೋಡೆ ನೆಟ್ಟಗಾಗುವುದು ಎಂದು ಅವಳು ಹೇಳಿದಾಗ ಅವನ ಮುಖ ಸಣ್ಣಗಾಯಿತು.

“ವೆಲ್ಡಿಂಗ್ ಬಿಟ್ಟಿದ್ದಕ್ಕೆ ಜೀವಮಾನ ಪೂರ್ತಿ ಬೈಸ್ಕೊಂಡಿದ್ದೀನಿ ಮೇಡಂ. ಹಾಕಿದ್ರೂ ತಪ್ಪಾಗುತ್ತೆ ಅಂತ ಗೊತ್ತಿರ್ಲಿಲ್ಲ.”

ಅವಳಿಗೆ ಪಾಪ ಅನ್ನಿಸಿತು. “ಬಿಡಿ ಅಣ್ಣ, ನಾನೂ ಹೇಳಿರ್ಲಿಲ್ಲ” ಎಂದಳು.

ಇಂಥದೇ ಗೋಡೆಗಳ ಆಸ್ಪತ್ರೆ ಕಟ್ಟಿಸಲು ಹೊರಟು, ಪರೀಕ್ಷೆ ನೋಡಲು ಬಂದಿದ್ದ ಮಾಲೀಕರಿಗೆ ಮಾತ್ರ ಖುಷಿಯೋ ಖುಷಿ. ಅಷ್ಟು ಜೋರಾಗಿ ತಳ್ಳಿದರೂ ಗೋಡೆ ಬೀಳಲಿಲ್ಲವಲ್ಲ, ಇನ್ನೇನು ಬೇಕು! ಆಸ್ಪತ್ರೆಗೂ ಇದೇ ಇರಲಿ, ವೆಲ್ಡಿಂಗ್ ಸಮೇತ, ನಾಳೆಯೇ ಕೆಲಸ ಶುರು ಎಂದರು. ಇನ್ನೊಂದು ಪರೀಕ್ಷೆ ಗಿರೀಕ್ಷೆ ಎಂದು ರಾಗ ಎಳೆದರೆ ಬೇರೆ ಎಂಜಿನಿಯರನ್ನು ನೋಡಿಕೊಳ್ಳುವುದಾಗಿಯೂ ನಗುನಗುತ್ತಲೇ ಹೇಳಿದರು. ಅವಳಿಗೆ ಸಾಕುಸಾಕಾಗಿತ್ತು. ಹೂಂ ಅಂದುಬಿಟ್ಟರೆ ಕೆಲಸವೂ ಕೈತಪ್ಪುತ್ತಿರಲಿಲ್ಲ, ಮನೆಗೆ ಹೋಗಿ ಕಾಲು ಚಾಚಿ ಮಲಗಲೂಬಹುದಿತ್ತು.

“ಇದು ಫೇಲ್ ಸರ್” ಎಂದಳು.

“ಏನ್ ಫೇಲು? ಒಳಗಿರೋ ಜನ ಬದುಕ್ತಾರೆ ತಾನೆ?”

“ಬದುಕ್ತಾರೆ. ಹೊರಗೆ ಓಡಿ ಬರ್ತಾರೆ. ಆಮೇಲೆ ಆ ಓರೆ ಕಟ್ಟಡದೊಳಗೆ ಯಾರೂ ಕಾಲಿಡೋ ಹಾಗಿಲ್ಲ.” ಅವಳು ಹೆಲ್ಮೆಟ್ ತೆಗೆದು ಹಣೆ ಒರೆಸಿಕೊಂಡಳು. “ಅವತ್ತು ಊರಲ್ಲಿ ಗಾಯ ಆದವರನ್ನೆಲ್ಲ ಎಲ್ಲಿಗೆ ಕರ್ಕೊಂಡು ಹೋಗೋದು ಸರ್?”