ಪಿಳ್ಳಣ್ಣನ ಗೋಡೆ

ಉಳಿಗೆ ಎಷ್ಟು ಪೆಟ್ಟು ಕೊಟ್ಟರೂ ಗಾರೆ ಜಗ್ಗಲಿಲ್ಲ. ಗಾರೆಕೆಲಸದ ಪಾಪಯ್ಯ ಸುತ್ತಿಗೆ ಕೆಳಗಿಟ್ಟು, ದೀಪ ಹಿಡಿದು ನಿಂತಿದ್ದ ಆದಿಲಕ್ಷ್ಮಮ್ಮನವರ ಕಡೆ ತಿರುಗಿದ. ನೆಲಮಾಳಿಗೆ ಜಿನುಗುವುದನ್ನು ನಿಲ್ಲಿಸಲೆಂದು ಅವನನ್ನು ನೆಲಮಂಗಲದಿಂದ ತ್ಯಾಮಗೊಂಡ್ಲಿಗೆ ಕರೆಸಿದ್ದವರು ಅವರೇ.

“ಈ ಗೋಡೇನ ಹಿಂದೆ ರಿಪೇರಿ ಮಾಡ್ದೋರು ಯಾರಮ್ಮಾ?”

“ಪಿಳ್ಳಣ್ಣ ಅಂತ. ಸುಣ್ಣಕ್ಕೆ ಮಣ್ಣು ಬೆರೆಸಿದ ಪಾಪಿ.”

“ಮಣ್ಣಲ್ಲಮ್ಮಾ, ಕಬ್ಬಿಣ ಇದು! ನೀರು ಗೋಡೆಯಿಂದ ಬರ್ತಿಲ್ಲ, ಪಾಯದ ಅಡಿಯಿಂದ ಬರ್ತೈತೆ. ಆಚೆ ಕಡೆ ಏನೈತೆ?”

ಆಚೆ ಬಚ್ಚಲಿತ್ತು. ಮಂಡಿನೋವೆಂದು ಆದಿಲಕ್ಷ್ಮಮ್ಮ ಹಿತ್ತಲ ತುದಿಯಲ್ಲಿದ್ದ ಬಚ್ಚಲನ್ನು ಅಲ್ಲಿಗೆ ಹಾಕಿಸಿಕೊಂಡಿದ್ದರು, ಪಿಳ್ಳಣ್ಣ ಗೋಡೆ ಮುಗಿಸಿದ ಮರುತಿಂಗಳು. ಪಾಪಯ್ಯ ಮೇಲೆ ಹೋಗಿ ಬಚ್ಚಲ ಚಪ್ಪಡಿಗಳ ಸಂದಿಗೆ ಎರಡು ಕೊಡ ನೀರು ಸುರಿದು ಬಂದ. ತುಸು ಹೊತ್ತಿಗೆ ಗೋಡೆಯ ಬುಡ ಹನಿಯತೊಡಗಿತು.

ಆದಿಲಕ್ಷ್ಮಮ್ಮ ದೀಪ ತಗ್ಗಿಸಿ ಆ ಹನಿಗಳನ್ನು ನೋಡಿದರು. ನಾಲ್ಕು ವರ್ಷದ ಹಿಂದೆ, ಯುದ್ಧದ ಕಾಲದಲ್ಲಿ, ಕಾಳು ಸಿಗದೆ ಜನ ಬಾಯಿ ಬಿಡುತ್ತಿದ್ದಾಗ ಇಲ್ಲಿ ಆರು ಮೂಟೆ ರಾಗಿ ಮುಗ್ಗಿಹೋಗಿತ್ತು. ಅವರು ಸಂತೆಬೀದಿಯಲ್ಲಿ ನಿಂತು ಪಿಳ್ಳಣ್ಣನಿಗೆ ಹಿಡಿಶಾಪ ಹಾಕಿದ್ದರು. ದೊಡ್ಡಮನೆಯವರ ಮಾತು, ಆಮೇಲೆ ಒಂದು ಒಲೆ ಮೆತ್ತುವುದಕ್ಕೂ ಊರಿನವರು ಅವನನ್ನು ಕರೆಯಲಿಲ್ಲ. ಈಗ ಅವನು ಊರಾಚೆ ರಸ್ತೆಬದಿಯಲ್ಲಿ ಜಲ್ಲಿ ಒಡೆಯುತ್ತಿದ್ದ.

ಆದಿಲಕ್ಷ್ಮಮ್ಮ ಗಾಡಿ ಕಟ್ಟಿಸಲಿಲ್ಲ. ಮಂಡಿ ಹಿಡಿದುಕೊಂಡೇ ಅಲ್ಲಿಗೆ ನಡೆದರು.

“ನಿನ್ನ ಗೋಡೆ ಗಟ್ಟಿಯಾಗೇ ಐತಪ್ಪಾ ಪಿಳ್ಳಣ್ಣ. ನೆಲಮಂಗಲದ ಪಾಪಯ್ಯನ ಉಳೀಗೂ ಜಗ್ಗಲಿಲ್ಲ. ನೀರು ನನ್ನ ಬಚ್ಚಲಿಂದು. ತಪ್ಪು ನಂದು,” ಎಂದು ಸುತ್ತಲಿನ ಕೂಲಿಯಾಳುಗಳಿಗೆಲ್ಲ ಕೇಳಿಸುವಂತೆ ಹೇಳಿದರು.

ಪಿಳ್ಳಣ್ಣ ಎಡಗೈಯ ಸುತ್ತಿಗೆ ಕೆಳಗಿಟ್ಟ.

“ಬಾ, ಆ ಬಚ್ಚಲ ಕೆಲಸಾನ ನೀನೇ ಮಾಡು,” ಎಂದಾಗ ಅವನು ಬಲಗೈ ಚಾಚಿದ. ಜಲ್ಲಿ ಕೆಲಸದಲ್ಲಿ ಕಲ್ಲುಗುಂಡು ಉರುಳಿ ಮೂರು ಬೆರಳು ಜಜ್ಜಿಹೋಗಿದ್ದವು.

“ಕರಣೆ ಹಿಡಿದು ಗಾರೆ ಬಳಿಯೋಕೆ ಆಗಲ್ಲಮ್ಮಾ.”

ಆದಿಲಕ್ಷ್ಮಮ್ಮ ಹಿಂದಿರುಗಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವನೇ ಕೂಗಿ ಕೇಳಿದ: “ಬಚ್ಚಲ ಸಂದಿಗೆ ಆ ಪಾಪಯ್ಯ ಎಂಥಾ ಗಾರೆ ತುಂಬ್ತಾನಂತೆ?” ಉತ್ತರಕ್ಕೆ ಕಾಯದೆ ಪಂಚೆ ಕೊಡವಿ ಎದ್ದ.

ಸಂಜೆಯ ಹೊತ್ತಿಗೆ ಬಚ್ಚಲ ಚಪ್ಪಡಿಗಳೆಲ್ಲ ಮೇಲೆದ್ದಿದ್ದವು. ಅಂಗಳದ ಒರಳಿನಲ್ಲಿ ಆಳೊಬ್ಬ ಸುಣ್ಣ, ಇಟ್ಟಿಗೆಪುಡಿ, ಬೆಲ್ಲದ ನೀರು ಸೇರಿಸಿ ಗಾರೆ ಅರೆಯುತ್ತಿದ್ದ. ಪಾಪಯ್ಯ ಒಂದು ಉಂಡೆ ತೆಗೆದು ಪಿಳ್ಳಣ್ಣನ ಮುಂದೆ ಹಿಡಿದ.

“ಹದ ಬಂತಾ, ಮೇಸ್ತ್ರಿ?”

ಪಿಳ್ಳಣ್ಣ ಉಳಿದೆರಡು ಬೆರಳಲ್ಲಿ ಅದನ್ನು ಉಜ್ಜಿ ನೋಡಿದ. “ಇನ್ನೂ ಅರೀಬೇಕು.”

ಆದಿಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಳನ್ನು ಏಳಿಸಿ, ಗುಂಡುಕಲ್ಲಿಗೆ ಕೈ ಹಾಕಿದರು.